ಆಡು ಮುಟ್ಟಬಾರದ ಸೊಪ್ಪು: ಕಾಡ್ಗಿಚ್ಚು ತಡೆಯಲು ಮೇಕೆ ಮೇಯಿಸಿದ ಒಂದು ಬಡಾವಣೆಯ ಪ್ರಕರಣ

ಕ್ಯಾಲಿಫೋರ್ನಿಯಾದಲ್ಲಿ ಮೇಕೆ ಮೇಯಿಸಿ ಕಾಡ್ಗಿಚ್ಚು ತಡೆಯುತ್ತಾರಂತೆ ಎನ್ನುವ ವಿಡಿಯೊ ವರ್ಷಕ್ಕೊಮ್ಮೆಯಾದರೂ ಫೋನಿಗೆ ಬರುತ್ತದೆ. ನೂರಾರು ಮೇಕೆ ಗುಡ್ಡ ಇಳಿಯುತ್ತವೆ, ಮಕ್ಕಳು ಬೇಲಿಯಾಚೆ ನಿಂತು ನೋಡುತ್ತಾರೆ. ಚೆಂದವಾಗಿಯೇ ಇರುತ್ತದೆ. ಆದರೆ ವಿಡಿಯೊದಲ್ಲಿ ಕಾಣದ ಕೆಲಸವೇ ಜಾಸ್ತಿ. ಎಲ್ಲಿ ಮೇಯಿಸಬೇಕು, ಯಾವ ತಿಂಗಳಲ್ಲಿ ಬಿಡಬೇಕು, ಯಾವಾಗ ಸಾಕು ಅನ್ನಬೇಕು, ಮಂದೆ ಹೋದಮೇಲೆ ಉಳಿದಿದ್ದನ್ನು ಯಾರು ತೆಗೆಯಬೇಕು, ಇವನ್ನೆಲ್ಲ ಯಾರಾದರೂ ಕೂತು ತೀರ್ಮಾನಿಸಬೇಕು. ಆ ತೀರ್ಮಾನಗಳ ಬಗ್ಗೆ ಬರೆಯುವುದು ನನ್ನ ಉದ್ದೇಶ.

ಇದು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪೂರ್ವಕ್ಕಿರುವ ಗುಡ್ಡಗಳಲ್ಲಿನ ಒಂದು ಬಡಾವಣೆಯ ವಿಷಯ. ಅಲ್ಲಿನ ನಿವಾಸಿಗಳ ಸಂಘದ ಬೆಂಕಿ ಸಮಿತಿಯಲ್ಲಿ ನಾನೂ ಇದ್ದೇನೆ. ಬಡಾವಣೆ, ಮಂದೆಯ ಮಾಲೀಕರು, ಮನೆಯವರು ಯಾರ ಗುರುತೂ ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಗುಡ್ಡ ಮತ್ತು ಹುಲ್ಲು

ಇಲ್ಲಿ ಮಳೆಗಾಲವೂ ಚಳಿಗಾಲವೂ ಒಂದೇ. ಅಕ್ಟೋಬರ್ ಕೊನೆಗೆ ಶುರುವಾಗುವ ಮಳೆ ಏಪ್ರಿಲ್‌ಗೆ ಮುಗಿಯುತ್ತದೆ. ಆಮೇಲೆ ಐದಾರು ತಿಂಗಳು ಹೆಚ್ಚುಕಡಿಮೆ ಒಂದು ಹನಿಯೂ ಇಲ್ಲ. ಮಾರ್ಚಿನಲ್ಲಿ ಹಚ್ಚಹಸಿರಾಗಿದ್ದ ಗುಡ್ಡ ಜೂನ್ ಹೊತ್ತಿಗೆ ಒಣಗಿ ಹೊಂಬಣ್ಣಕ್ಕೆ ತಿರುಗುತ್ತದೆ. ಆ ಹುಲ್ಲಿನಲ್ಲಿ ಹೆಚ್ಚಿನದು ಇಲ್ಲಿಯದಲ್ಲ. ಕಾಡು ಓಟ್ಸ್, ಬ್ರೋಮ್ ಹುಲ್ಲು ಇವೆಲ್ಲ ಯುರೋಪಿನಿಂದ ಬಂದವರ ಜೊತೆ ಮೆಡಿಟರೇನಿಯನ್ ಕಡೆಯಿಂದ ಬಂದವು. ಒಂದೇ ವರ್ಷದಲ್ಲಿ ಹುಟ್ಟಿ, ಬೀಜ ಉದುರಿಸಿ, ನಿಂತಲ್ಲೇ ಸತ್ತು ಕಡ್ಡಿಯಾಗುತ್ತವೆ.

ಇಲ್ಲಿನ ಮೂಲನಿವಾಸಿಗಳು ಸಾವಿರಾರು ವರ್ಷ ತಾವೇ ಹದ ನೋಡಿ ಬೆಂಕಿ ಹಾಕಿ ಈ ನೆಲವನ್ನು ನೋಡಿಕೊಂಡಿದ್ದರು. ಹೊರಗಿನಿಂದ ಬಂದು ಆಳಿದವರು ಅದನ್ನು ನಿಲ್ಲಿಸಿದರು. ಎಲ್ಲಿ ಬೆಂಕಿ ಬಿದ್ದರೂ ಆರಿಸಬೇಕು ಎನ್ನುವ ನೀತಿ ಬಂದು ನೂರು ವರ್ಷದ ಮೇಲಾಯಿತು. ಸುಡದೆ ಉಳಿದಿದ್ದು ಗುಡ್ಡದ ಮೇಲೆ ಕೂಡುತ್ತಾ ಬಂತು. 1991ರ ಅಕ್ಟೋಬರಿನಲ್ಲಿ ಓಕ್‌ಲ್ಯಾಂಡ್ ಗುಡ್ಡಕ್ಕೆ ಬಿದ್ದ ಬೆಂಕಿಯಲ್ಲಿ 25 ಜನ ಸತ್ತರು, ಮೂರು ಸಾವಿರದಷ್ಟು ಮನೆಗಳು ಹೋದವು. ಅಲ್ಲಿ ನೆಟ್ಟಿದ್ದ ನೀಲಗಿರಿ ಮರಗಳ ತೊಗಟೆ ಸುಲಿದು, ಹೊತ್ತಿಕೊಂಡು, ಗಾಳಿಯಲ್ಲಿ ಹಾರಿ ಬೀಳುತ್ತಿತ್ತು. ಈ ಭಾಗದ ಹಳಬರು ಈಗಲೂ ಆ ಬೆಂಕಿಯಿಂದಲೇ ವರ್ಷ ಲೆಕ್ಕ ಹಾಕುತ್ತಾರೆ.

ನಮ್ಮ ಬಡಾವಣೆ ಗುಡ್ಡದ ನೆತ್ತಿಯ ಮೇಲಿದೆ. ಮನೆಗಳ ಹಿತ್ತಿಲು ಮುಗಿದಲ್ಲಿಂದ ಕೆಳಕ್ಕೆ ಸಂಘದ್ದೇ ಆದ ಸುಮಾರು 40 ಎಕರೆ ಇಳಿಜಾರು. ತಳದಲ್ಲಿ ಒಂದು ಹಳ್ಳ, ಹಳ್ಳದಾಚೆ ರಸ್ತೆ. ಬೆಂಕಿ ಏರಿನಲ್ಲಿ ಇಳಿಜಾರಿಗಿಂತ ಬಹಳ ಬೇಗ ಓಡುತ್ತದೆ, ಏಕೆಂದರೆ ಕೆಳಗಿನ ಜ್ವಾಲೆ ಮೇಲಿನ ಹುಲ್ಲನ್ನು ಮೊದಲೇ ಕಾಯಿಸಿ ಒಣಗಿಸಿಬಿಡುತ್ತದೆ. ಅಂದರೆ ರಸ್ತೆ ಬದಿಯಲ್ಲಿ ಬಿದ್ದ ಒಂದು ಕಿಡಿ ನಮ್ಮ ಅಡುಗೆಮನೆ ಕಿಟಕಿಯ ಕಡೆಗೇ ಬರುತ್ತದೆ.

2022-23ರ ಚಳಿಗಾಲದಲ್ಲಿ ಭಾರಿ ಮಳೆಯಾಯಿತು. ಬರ ಹೋಯಿತು ಅಂತ ಎಲ್ಲರೂ ಖುಷಿಪಟ್ಟರು. ಮಳೆ ಜಾಸ್ತಿಯಾದರೆ ಹುಲ್ಲೂ ಜಾಸ್ತಿ, ಹುಲ್ಲು ಜಾಸ್ತಿಯಾದರೆ ಬೇಸಿಗೆಯಲ್ಲಿ ಉರಿಯುವುದೂ ಜಾಸ್ತಿ ಅಲ್ವಾ? ಏಪ್ರಿಲ್ ಹೊತ್ತಿಗೆ ಇಳಿಜಾರಿನ ಹುಲ್ಲು ಎದೆಮಟ್ಟ ನಿಂತಿತ್ತು. ಅದರ ನಡುವೆ ಕಯೋಟಿ ಬ್ರಷ್ ಪೊದೆ, ಹಳದಿ ಹೂವಿನ ಫ್ರೆಂಚ್ ಬ್ರೂಮ್, ಮೈಗೆ ತಾಗಿದರೆ ಬೊಬ್ಬೆ ಏಳಿಸುವ ಪಾಯ್ಸನ್ ಓಕ್. ಓಕ್ ಮರಗಳ ಕೆಳಗಿನ ಕೊಂಬೆಗಳು ಪೊದೆಯ ಮೇಲೆ ಒರಗಿದ್ದವು. ಹುಲ್ಲಿನ ಬೆಂಕಿ ಪೊದೆಗೆ, ಪೊದೆಯಿಂದ ಕೊಂಬೆಗೆ, ಕೊಂಬೆಯಿಂದ ಮರದ ನೆತ್ತಿಗೆ ಹತ್ತಲು ಮೆಟ್ಟಿಲು ಮಾಡಿಟ್ಟ ಹಾಗಿತ್ತು.

ಮೇಕೆಯೇ ಏಕೆ

ಮನೆಯ ಸುತ್ತ 100 ಅಡಿವರೆಗೆ ಉರಿಯುವ ವಸ್ತು ಕಡಿಮೆ ಮಾಡಬೇಕು ಎಂದು ಇಲ್ಲಿ ಕಾನೂನೇ ಇದೆ. ವಿಮೆ ಕಂಪನಿಗಳೂ ಒಂದೊಂದಾಗಿ ಹಿಂದೆ ಸರಿಯುತ್ತಿದ್ದವು. ಏನಾದರೂ ಮಾಡಲೇಬೇಕಿತ್ತು.

ಯಂತ್ರದಲ್ಲಿ ಕತ್ತರಿಸೋಣ ಎಂದರೆ ಇಳಿಜಾರು ಕಡಿದು, ನೆಲದ ತುಂಬ ಕಲ್ಲು. ಬ್ಲೇಡು ಕಲ್ಲಿಗೆ ತಾಗಿ ಹಾರಿದ ಕಿಡಿಯಿಂದಲೇ ಬೆಂಕಿ ಹತ್ತುವುದು ಇಲ್ಲಿ ಮಾಮೂಲು. ಹುಲ್ಲು ಕತ್ತರಿಸುವುದಾದರೆ ಬೆಳಗ್ಗೆ ಹತ್ತು ಗಂಟೆಯೊಳಗೆ ಮುಗಿಸಿ ಎಂದು ರಾಜ್ಯದ ಅಗ್ನಿಶಾಮಕ ಇಲಾಖೆ ಕ್ಯಾಲ್ ಫೈರ್ ಹೇಳುವುದು ಅದಕ್ಕೇ. ಕಳೆನಾಶಕ ಹೊಡೆಯೋಣ ಎಂದರೆ ಕೆಳಗೆ ಹಳ್ಳ ಇದೆ. ಮೇಲಾಗಿ ಔಷಧಿ ಹೊಡೆದ ಪೊದೆ ಸತ್ತು ಒಣಗಿ ಅಲ್ಲೇ ನಿಲ್ಲುತ್ತದೆ, ಅದನ್ನು ಮತ್ತೆ ಕಡಿಯಬೇಕು. ಕೂಲಿಯವರಿಂದ ಎಲ್ಲವನ್ನೂ ಕೈಯಲ್ಲೇ ಕಡಿಸುವುದು ಒಳ್ಳೆಯ ದಾರಿ, ಆದರೆ ಅಷ್ಟು ದುಡ್ಡು ಸಂಘದಲ್ಲಿ ಇರಲಿಲ್ಲ. ಪಾಯ್ಸನ್ ಓಕ್ ನಡುವೆ ಕೆಲಸಕ್ಕೆ ಬರುವವರೂ ಕಡಿಮೆ.

ಸಭೆಯಲ್ಲಿ ಒಬ್ಬರು ಅಮೆರಿಕದ ಮಾಜಿ ಅಧ್ಯಕ್ಷ ರೊನಾಲ್ಡ್ ರೇಗನ್ ಹೆಸರಿನ ಗ್ರಂಥಾಲಯದ ಉದಾಹರಣೆ ಕೊಟ್ಟರು. ದಕ್ಷಿಣ ಕ್ಯಾಲಿಫೋರ್ನಿಯಾದ ಸಿಮಿ ವ್ಯಾಲಿಯಲ್ಲಿ ಆ ಗ್ರಂಥಾಲಯದವರು 2019ರ ಮೇ ತಿಂಗಳಲ್ಲಿ ಐನೂರು ಮೇಕೆ ಬಿಟ್ಟು 13 ಎಕರೆ ಮೇಯಿಸಿದ್ದರು. ಅದೇ ಅಕ್ಟೋಬರಿನಲ್ಲಿ ಈಸಿ ಫೈರ್ ಎಂಬ ಕಾಡ್ಗಿಚ್ಚು ಕಟ್ಟಡದ ಹತ್ತಿರವೇ ಬಂತು. ಮೇಯ್ದ ಪಟ್ಟಿಯಿಂದಾಗಿ ಬೆಂಕಿ ಎದುರಿಸಲು ತಮಗೆ ಹೆಚ್ಚು ಸಮಯ ಸಿಕ್ಕಿತು ಎಂದು ಅಗ್ನಿಶಾಮಕ ಸಿಬ್ಬಂದಿ ಹೇಳಿದ್ದು ಸುದ್ದಿಯಾಗಿತ್ತು. ಸಭೆ ಒಪ್ಪಿತು.

ದುಡ್ಡು ಕೊಟ್ಟು ಮಂದೆ ಕರೆಸುವುದು ನಮ್ಮ ಬಡಾವಣೆಯವರಿಗೆ ಹೊಸ ವಿಷಯ. ಊರಲ್ಲಿ, ಕರ್ನಾಟಕದ ನಮ್ಮ ಕಡೆ, ಬಿತ್ತನೆಗೆ ಮುಂಚೆ ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿ ಮಂದೆ ಕೂರಿಸಿಕೊಂಡು, ಕುರುಬರಿಗೆ ಕಾಳು ಕೊಡುವುದೋ ದುಡ್ಡು ಕೊಡುವುದೋ ತಲೆಮಾರುಗಳಿಂದ ಇದೆ. ಅಲ್ಲಿ ಬೇಕಿದ್ದು ಹಿಕ್ಕೆ, ಇಲ್ಲಿ ಬೇಕಿರುವುದು ಹಸಿವು.

40 ಎಕರೆಯೋ, ಮೂರು ಪಟ್ಟಿಯೋ

ಮೊದಲ ಜಗಳ ಇದೇ. ಎಲ್ಲರಿಗೂ ತಮ್ಮ ಹಿತ್ತಿಲಿನ ಕೆಳಗೆ ಮೇಯಿಸಬೇಕು. 40 ಎಕರೆಯನ್ನೂ ಮೇಯಿಸಿಬಿಡೋಣ ಎಂದರು. ಇಲ್ಲಿ ದರ ಜಾಗದ ಮೇಲೆ ಹೋಗುತ್ತದೆ. ನಮಗೆ ಸಿಕ್ಕಿದ್ದು ಎಕರೆಗೆ ಸಾವಿರ ಡಾಲರ್ ಆಸುಪಾಸು. ಅಷ್ಟು ಜಾಗಕ್ಕೆ ಒಂದು ವರ್ಷ ಕೊಟ್ಟರೆ ಮುಂದಿನ ವರ್ಷಕ್ಕೆ ಖಜಾನೆ ಖಾಲಿ. ಹುಲ್ಲು ಮಾತ್ರ ಮುಂದಿನ ವರ್ಷವೂ ಬರುತ್ತದೆ.

ಸ್ಥಳೀಯ ಅಗ್ನಿಶಾಮಕ ಠಾಣೆಯ ಅಧಿಕಾರಿಯೊಬ್ಬರು ನಮ್ಮ ಜೊತೆ ಇಡೀ ಇಳಿಜಾರು ನಡೆದರು. ನಿಮಗೆ ಬೆಂಕಿಯೇ ಬರದ ಗುಡ್ಡ ಬೇಕೋ, ಬಂದ ಬೆಂಕಿಯನ್ನು ನಾವು ನಿಂತು ಆರಿಸಬಹುದಾದ ಜಾಗ ಬೇಕೋ ಎಂದು ಕೇಳಿದರು. ಜ್ವಾಲೆ 4 ಅಡಿಗಿಂತ ಕೆಳಗಿದ್ದರೆ ಅವರ ಜನ ಸನಿಕೆ, ಗುದ್ದಲಿ ಹಿಡಿದು ಎದುರಿಗೇ ನಿಂತು ಕೆಲಸ ಮಾಡಬಹುದು. ಅದಕ್ಕಿಂತ ಮೇಲೆ ಹೋದರೆ ಅಗ್ನಿಶಾಮಕ ಇಂಜಿನ್, ವಿಮಾನ ಬೇಕು. ಆ ಮಾತಿನಿಂದ ಯೋಜನೆಯೇ ಬದಲಾಯಿತು. ಕೊನೆಗೆ ಮೂರು ಪಟ್ಟಿ ಗುರುತು ಹಾಕಿದೆವು: ಹಳ್ಳದ ಈಚೆ ದಡದಲ್ಲಿ ಒಂದು, ಇಳಿಜಾರಿನ ನಡುವಿನ ಹಳೆಯ ಕಾಲುದಾರಿಯ ಎರಡೂ ಬದಿಗೆ ಒಂದು, ಮನೆಗಳ ಬೇಲಿಯ ಕೆಳಗೆ ಒಂದು. ಒಟ್ಟು ಹನ್ನೆರಡು ಎಕರೆ ಇರಬಹುದು. ಉಳಿದ ಇಳಿಜಾರು ಹಾಗೇ ಬಿಟ್ಟೆವು. ಅಲ್ಲಿ ಹಕ್ಕಿಗಳಿವೆ, ಜಿಂಕೆಗಳಿವೆ, ಇಲ್ಲಿಯದೇ ಆದ ಪೊದೆಗಳಿವೆ. ಅವನ್ನೂ ಮೇಕೆಗೆ ಹಾಕುವ ಅಗತ್ಯ ಇರಲಿಲ್ಲ.

ಎರಡನೇ ಪ್ರಶ್ನೆ ತಿಂಗಳಿನದು. ಬೇಗ ಮೇಯಿಸಿದರೆ ನೆಲದಲ್ಲಿ ಇನ್ನೂ ತೇವ ಇರುತ್ತದೆ, ಹುಲ್ಲು ಮತ್ತೆ ಚಿಗುರಿ ಜೂನ್ ಹೊತ್ತಿಗೆ ಮೊಳಕಾಲು ಮುಟ್ಟುತ್ತದೆ. ತಡವಾದರೆ ಬೀಜ ಉದುರಿ ಮುಗಿದಿರುತ್ತದೆ, ಒಣಗಿದ ಕಡ್ಡಿಯನ್ನು ಮೇಕೆ ಮೂಸಿ ಬಿಡುತ್ತದೆ. ಮಂದೆಯವರಿಗೆ ಏಪ್ರಿಲ್ ಮೊದಲ ವಾರ ಬಿಡುವಿತ್ತು, ರಿಯಾಯಿತಿಯನ್ನೂ ಕೊಡುತ್ತೇವೆ ಎಂದರು. ಖಜಾಂಚಿ ಅದಕ್ಕೇ ಪಟ್ಟು ಹಿಡಿದರು. ಮಳೆ ಅಷ್ಟು ಹಿಡಿದಿದ್ದ ವರ್ಷ ಏಪ್ರಿಲ್‌ನಲ್ಲಿ ಮೇಯಿಸುವುದು ಸುಮ್ನೆ ದುಡ್ಡು ಸುರಿದ ಹಾಗೆ ಎಂದು ನಾವು ಒಪ್ಪಲಿಲ್ಲ. ಪೂರ್ತಿ ದರಕ್ಕೇ ಮೇ ಕೊನೆಗೆ ಗೊತ್ತು ಮಾಡಿದೆವು. ಯೆಲ್ಲೊ ಸ್ಟಾರ್‌ಥಿಸಲ್ ಎಂಬ ಮುಳ್ಳುಕಳೆ ಆಗ ಹೂವಿಗೆ ಬರುತ್ತಿರುತ್ತದೆ. ದನ, ಕುರಿ ಆ ಮುಳ್ಳಿಗೆ ಹೆದರುತ್ತವೆ, ಮೇಕೆ ಹೆದರುವುದಿಲ್ಲ. ಬೀಜಕ್ಕೆ ಮುಂಚೆ ಅದು ಮೇಕೆಯ ಹೊಟ್ಟೆ ಸೇರಿದರೆ ಮುಂದಿನ ವರ್ಷದ ಕಳೆಯೂ ತಗ್ಗುತ್ತದೆ. ಆದರೆ ಮೇ ತಿಂಗಳು ಹಕ್ಕಿ ಗೂಡಿನ ಕಾಲವೂ ಹೌದು. ಸ್ವಯಂಸೇವಕರು ಮೊದಲೇ ಪಟ್ಟಿಗಳಲ್ಲಿ ನಡೆದು ಗೂಡಿದ್ದ ಪೊದೆಗಳಿಗೆ ರಿಬ್ಬನ್ ಕಟ್ಟಿದರು. ಎಳೆಯ ಓಕ್ ಸಸಿಗಳಿಗೆ ತಂತಿ ಬಲೆ ಸುತ್ತಿದರು. ಮೇಕೆಗೆ ಓಕ್ ಸಸಿಯ ತೊಗಟೆ ಸಿಕ್ಕರೆ ಆ ಸಸಿಯ ಕತೆ ಮುಗಿಯಿತು.

ಕಣಗಿಲೆ

ಮಂದೆ ಬರುವ ಹಿಂದಿನ ವಾರ ಸ್ನೇಹಿತರೊಬ್ಬರ ತಂದೆ ಊರಿನಿಂದ ಬಂದಿದ್ದರು. ಶಿರಾ ಕಡೆಯವರು, ಚಿಕ್ಕಂದಿನಿಂದ ಮೇಕೆ ಸಾಕಿದವರು. ಸಂಜೆ ವಾಕಿಂಗ್‌ನಲ್ಲಿ ಮನೆಗಳ ಹಿಂದಿನ ಹೂವಿನ ಬೇಲಿ ನೋಡಿ ನಿಂತುಬಿಟ್ಟರು.

"ಏನಮ್ಮ, ಇದು ಕಣಗಿಲೆ ಅಲ್ವಾ? ಇದರ ಕೆಳಗೇ ಮೇಕೆ ಬಿಡ್ತಾರಾ?"

"ಕರೆಂಟ್ ಬೇಲಿ ಹಾಕ್ತಾರೆ ಅಂಕಲ್."

"ಕೊಂಬೆ ಬೇಲಿ ಈಚೆಗೆ ಬಾಗಿದ್ರೆ? ಹತ್ತು ಮಾರು ಹಿಂದಕ್ಕೆ ಹಾಕ್ಸಿ. ನಾಲ್ಕು ಎಲೆ ತಿಂದ್ರೂ ಉಳಿಯಲ್ಲ."

ಆಡು ಮುಟ್ಟದ ಸೊಪ್ಪಿಲ್ಲ ಎಂದು ಕೇಳಿ ಬೆಳೆದವರು ನಾವು. ಮೇಕೆ ಎಲ್ಲವನ್ನೂ ತಿಂದು ಅರಗಿಸಿಕೊಳ್ಳುತ್ತದೆ ಎಂದು ಇಲ್ಲಿಯವರೂ ನಂಬುತ್ತಾರೆ. ಆದರೆ ಕಣಗಿಲೆಯ ವಿಷ ನೇರ ಹೃದಯಕ್ಕೆ ಹೋಗುತ್ತದೆ, ಬಡಿತದ ಲಯ ತಪ್ಪಿಸುತ್ತದೆ. ಒಣಗಿದ ಎಲೆಯಲ್ಲೂ ಆ ವಿಷ ಇರುತ್ತದೆ. ನೀರು ಕೇಳದ ಗಿಡ ಎಂದು ಕ್ಯಾಲಿಫೋರ್ನಿಯಾದಲ್ಲಿ ಹೆದ್ದಾರಿ ನಡುವೆ, ಮನೆ ಬೇಲಿಗೆ ಎಲ್ಲೆಲ್ಲೂ ಅದನ್ನೇ ನೆಟ್ಟಿದ್ದಾರೆ. ಅಜೇಲಿಯಾ, ರೋಡೋಡೆಂಡ್ರನ್ ಕೂಡ ಮೇಕೆಗೆ ವಿಷವೇ.

ಮೇಲಿನ ಪಟ್ಟಿಯ ಬೇಲಿಯನ್ನು ಹಿಂದಕ್ಕೆ ಸರಿಸಿದೆವು. ನಡುವೆ ಉಳಿದ ಜಾಗವನ್ನು ಕೈಯಲ್ಲೇ ಕತ್ತರಿಸುವುದು ಎಂದಾಯಿತು. ಪ್ರತಿ ಮನೆಗೂ ಇಮೇಲ್ ಹೋಯಿತು. ಅಷ್ಟಾದರೂ ಮಂದೆ ಬಂದ ಮೇಲೆ, ಒಂದು ಶನಿವಾರ, ಯಾರೋ ಬೇಲಿ ಸವರಿ ಆ ಕಡ್ಡಿ ಎಲೆಗಳನ್ನೆಲ್ಲ ಇಳಿಜಾರಿಗೆ ಎಸೆದರು. ಮೇಕೆ ತಿಂದುಕೊಳ್ಳಲಿ ಎಂದು ಒಳ್ಳೆಯ ಮನಸ್ಸಿನಿಂದಲೇ ಎಸೆದಿದ್ದರು. ಬೆಳಗ್ಗೆ ಎರಡು ಮೇಕೆ ಕಾಲು ಚಾಚಿ ಬಿದ್ದಿದ್ದವು. ಒಂದರ ಬಾಯಲ್ಲಿ ಅರ್ಧ ಅಗಿದ ಉದ್ದನೆ ಎಲೆ ಇನ್ನೂ ಇತ್ತು.

ಕಾಯುವವರು ಪೆರು ದೇಶದಿಂದ ಬಂದವರು. ಮಧ್ಯವಯಸ್ಸು, ಮಾತು ಕಡಿಮೆ. ಮಂದೆಯನ್ನು ತಕ್ಷಣ ಕೆಳಗಿನ ಪಟ್ಟಿಗೆ ಅಟ್ಟಿ, ಎಲೆಗಳನ್ನೆಲ್ಲ ಚೀಲಕ್ಕೆ ತುಂಬುತ್ತಾ ಕೂತರು. ನಾವೂ ಕೂತು ಆರಿಸಿದೆವು. ಸತ್ತ ಮೇಕೆಗಳ ಬೆಲೆಯನ್ನು ಸಂಘ ತುಂಬಿಕೊಟ್ಟಿತು. ಇಮೇಲ್ ಕಳಿಸಿದರೆ ಸಾಲದು ಎನ್ನುವುದು ಅವತ್ತು ಎಲ್ಲರಿಗೂ ಗೊತ್ತಾಯಿತು. ಈಗ ಮಂದೆ ಬರುವ ಮುಂಚೆ ಇಬ್ಬರು ಪ್ರತಿ ಮನೆಯ ಬಾಗಿಲು ತಟ್ಟಿ ಹೇಳುತ್ತಾರೆ, ಬೆಳಗ್ಗೆ ಸಂಜೆ ಬೇಲಿಯ ಉದ್ದಕ್ಕೂ ಒಬ್ಬರು ನಡೆಯುತ್ತಾರೆ. ಮೇಕೆ ಮೇಯಿಸುವ ಯೋಚನೆ ಇರುವ ಯಾರೇ ಆಗಲಿ, ಇದೊಂದನ್ನು ದಯವಿಟ್ಟು ಬಿಡಬೇಡಿ.

ಸಾಕು ಅನ್ನುವುದು

ಮೇಕೆ ಮೇಯುವುದನ್ನು ಹತ್ತಿರದಿಂದ ನೋಡಬೇಕು. ದನ ನೆಲ ನೋಡಿ ಮೇಯುತ್ತದೆ, ಮೇಕೆ ಮೇಲೆ ನೋಡಿ. ಪೊದೆಗೆ ಬಿಟ್ಟ ಕೂಡಲೇ ಮುಂಗಾಲು ಎತ್ತಿ ಹಿಂಗಾಲಲ್ಲಿ ನಿಂತು, ಕೊಂಬೆಯನ್ನು ಎದೆಯಿಂದ ಬಗ್ಗಿಸಿ ತುದಿಯ ಚಿಗುರಿನಿಂದ ಶುರು ಮಾಡುತ್ತದೆ. ತುಟಿಯಲ್ಲಿ ಎಲೆ ಎಲೆಯಾಗಿ ಬಿಡಿಸುತ್ತದೆ, ಮುಳ್ಳನ್ನು ಬಳಸಿ ಹೋಗುತ್ತದೆ. ಪಾಯ್ಸನ್ ಓಕ್ ತಿಂದರೆ ಅದಕ್ಕೆ ಏನೂ ಆಗುವುದಿಲ್ಲ. ಆದರೆ ಅದರ ಮೈಗೆ ಅಂಟಿದ ಎಣ್ಣೆ ಸವರಿದವರ ಕೈಗೆ ಬರುತ್ತದೆ, ಹಾಗಾಗಿ ಮಕ್ಕಳನ್ನು ದೂರ ಇಡಬೇಕಾಯಿತು. ಆರು ಅಡಿ ಎತ್ತರದವರೆಗೆ ಹಸಿರು ಖಾಲಿಯಾದ ಮೇಲೆ ಹುಲ್ಲಿಗೆ ಇಳಿಯುತ್ತದೆ. ಮುನ್ನೂರರಷ್ಟು ಮೇಕೆಗಳು ದಿನಕ್ಕೆ ಒಂದು ಎಕರೆಗಿಂತ ಸ್ವಲ್ಪ ಜಾಸ್ತಿ ಮುಗಿಸುತ್ತಿದ್ದವು. ರಾತ್ರಿ ತೋಳದ ಜಾತಿಯ ಕಯೋಟಿ, ಬೆಟ್ಟದ ಸಿಂಹ ಎನ್ನುವ ಪ್ಯೂಮಾ ಬರದಂತೆ ಗ್ರೇಟ್ ಪಿರನೀಸ್ ನಾಯಿಗಳ ಕಾವಲು. ಬೊಗಳುತ್ತವೆ ಎಂದು ದೂರು ಬಂದವು. ಬೊಗಳುವುದೇ ಅವುಗಳ ಕೆಲಸ ಎಂದು ಹೇಳಿ ಸಮಾಧಾನ ಮಾಡಿದೆವು.

ನಡುವಿನ ಪಟ್ಟಿಯಲ್ಲಿ ಒಂದು ಕಡೆ ಇಳಿಜಾರು ತುಂಬ ಕಡಿದು. ಅಲ್ಲಿ ಹುಲ್ಲು ನಾಲ್ಕು ಇಂಚಿಗೆ ಇಳಿದಾಗ ಕಾಯುವವರು ನನ್ನನ್ನು ಕರೆದು ಬೂಟಿನ ತುದಿಯಿಂದ ನೆಲ ಕೆರೆದು ತೋರಿಸಿದರು. ಮಣ್ಣು ಪುಡಿಪುಡಿಯಾಗಿ ಕೆಳಗೆ ಜಾರಿತು. ಇವತ್ತೇ ತೆಗೆಯಬೇಕು ಎಂದರು. ಮೇಲಿನ ಮನೆಯವರಿಗೆ ಅದು ಅರೆಬರೆ ಕೆಲಸದ ಹಾಗೆ ಕಂಡಿತು, ದುಡ್ಡು ಕೊಟ್ಟಿದ್ದೇವೆ, ಬೋಳಾಗಲಿ ಎಂದರು. ಸಮಿತಿ ಕಾಯುವವರ ಮಾತನ್ನೇ ಕೇಳಿತು. ಬುಡ ಉಳಿಯದಿದ್ದರೆ ಚಳಿಗಾಲದ ಮಳೆಗೆ ಮಣ್ಣು ನಿಲ್ಲುವುದಿಲ್ಲ, ಬೋಳಾದ ನೆಲದಲ್ಲಿ ಮೊದಲು ಹುಟ್ಟುವುದೂ ಕಳೆಯೇ. 2024ರ ಫೆಬ್ರವರಿಯಲ್ಲಿ ದೊಡ್ಡ ಬಿರುಮಳೆ ಬಂತು. ಆ ಇಳಿಜಾರು ನಿಂತಿತು. ನೀರಿನ ತೊಟ್ಟಿ ಇಟ್ಟು ಮೇಕೆಗಳು ತುಳಿದು ತುಳಿದು ಬೋಳಾಗಿದ್ದ ಮೂಲೆಯಲ್ಲಿ ಮಾತ್ರ ಮೊಳಕಾಲುದ್ದ ಕೊರಕಲು ಬಿತ್ತು. ಆಮೇಲಿಂದ ತೊಟ್ಟಿ ಸಮತಟ್ಟಾದ ಜಾಗದಲ್ಲಿ, ಅದೂ ಜಾಗ ಬದಲಿಸುತ್ತಾ.

ಮೇಕೆ ತಿನ್ನುವುದು ಹಸಿರು ಮತ್ತು ಸಣ್ಣ ಕಡ್ಡಿ. ಹೆಬ್ಬೆರಳಿಗಿಂತ ದಪ್ಪನೆಯ ಕಾಂಡ, ಬಿದ್ದ ಒಣ ಕೊಂಬೆ, ನೀಲಗಿರಿ ತೊಗಟೆಯ ರಾಶಿ ಎಲ್ಲ ಅಲ್ಲೇ ಉಳಿಯುತ್ತವೆ. ಮಂದೆ ಹೋದ ಹಿಂದೆಯೇ ಗರಗಸದವರು ಬರಬೇಕು ಎಂದು ಯೋಜನೆಯಲ್ಲಿ ಬರೆದಿದ್ದೆವು. ಮೇಕೆಗೆ ಖರ್ಚಾಯಿತಲ್ಲ ಎಂದು ಸಂಘದ ಮಂಡಳಿ ಆ ಸಾಲನ್ನೇ ಬಜೆಟ್ಟಿನಿಂದ ತೆಗೆಯಿತು.

ಜುಲೈ 2024

ಎರಡನೇ ವರ್ಷವೂ ಮೇ ತಿಂಗಳಲ್ಲಿ ಮೇಯಿಸಿದ್ದೆವು. ಜುಲೈನ ಒಂದು ಮಧ್ಯಾಹ್ನ, ಬಿಸಿಲು ಸುಡುವ ದಿನ, ಕೆಳಗಿನ ರಸ್ತೆಯಲ್ಲಿ ಟ್ರೇಲರ್ ಎಳೆದುಕೊಂಡು ಹೋದ ಗಾಡಿಯ ಸರಪಳಿ ಡಾಂಬರಿಗೆ ಉಜ್ಜಿ ಕಿಡಿ ಹಾರಿತು. ಬದಿಯ ಹುಲ್ಲು ಹತ್ತಿಕೊಂಡಿತು. ಮೇಯಿಸದ ರಸ್ತೆಬದಿಯಲ್ಲಿ ಜ್ವಾಲೆ ಆಳೆತ್ತರ ಎದ್ದಿತ್ತು. ಒಣಗಿದ ಹಳ್ಳ ದಾಟಿ ನಮ್ಮ ಮೊದಲ ಪಟ್ಟಿಗೆ ಬಂದಾಗ ಮೊಳಕಾಲಿಗಿಂತ ಕೆಳಗಿಳಿದು, ನೆಲ ಹಿಡಿದು ಹರಿಯತೊಡಗಿತು. ಆ ಹೊತ್ತಿಗೆ ಇಂಜಿನ್ ಬಂದಿತ್ತು. ಸಿಬ್ಬಂದಿ ಪಟ್ಟಿಯೊಳಗೇ ನಡೆದು ಹೋಗಿ ಆರಿಸಿದರು. ಕಾಲುದಾರಿಯವರೆಗೂ ಬೆಂಕಿ ಬರಲಿಲ್ಲ.

ಓಕ್ ಮರಗಳ ಕೆಳಗೆ, ಗರಗಸದವರು ಬಂದು ತೆಗೆಯಬೇಕಿದ್ದ ಒಣ ಕೊಂಬೆ ರಾಶಿ ಇದ್ದಲ್ಲಿ, ಕತೆ ಬೇರೆ. ಅಲ್ಲಿ ಕೆಂಡ ಒಳಗೊಳಗೇ ಉಳಿದು ಕತ್ತಲಾಗುವವರೆಗೂ ಹೊಗೆಯಾಡಿತು, ಎರಡು ಮರಗಳ ನೆತ್ತಿ ಸುಟ್ಟಿತು. ಅವತ್ತು ಗಾಳಿ ಇರಲಿಲ್ಲ ಎಂದು ಕ್ಯಾಪ್ಟನ್ ಒತ್ತಿ ಹೇಳಿದರು. ಅಕ್ಟೋಬರಿನ ಡಯಾಬ್ಲೊ ಗಾಳಿ, ಅಂದರೆ ಒಳನಾಡಿನಿಂದ ಜೋರಾಗಿ ಬರುವ ಒಣಗಾಳಿ, ಬೀಸಿದ್ದರೆ ಆ ನೆತ್ತಿಗಳಿಂದ ಹಾರಿದ ಕಿಡಿ ಮೂರೂ ಪಟ್ಟಿ ದಾಟಿ ಮನೆಗಳ ಮೇಲೇ ಬೀಳುತ್ತಿತ್ತು. 2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಸುತ್ತ ಸಾವಿರಾರು ಮನೆ ಸುಟ್ಟ ಬೆಂಕಿಗಳಲ್ಲಿ ಆಗಿದ್ದು ಅದೇ, ಗಾಳಿ ಹೊತ್ತು ತಂದ ಕಿಡಿ. ಅದಕ್ಕೆ ಮದ್ದು ಮನೆಯಲ್ಲೇ ಇದೆ: ಗಾಳಿಕಿಂಡಿಗೆ ಸಣ್ಣ ಜಾಲರಿ, ಗೋಡೆಯಿಂದ ಐದು ಅಡಿಯೊಳಗೆ ಉರಿಯುವ ಏನೂ ಇಡದಿರುವುದು, ಸೂರಿನ ಮಳೆನೀರು ದೋಣಿಯಲ್ಲಿ ಎಲೆ ಕೂಡದಂತೆ ನೋಡುವುದು. ಮೇಕೆ ಮೇಯಿಸಿದ್ದೇವಲ್ಲ ಎಂದು ಇದನ್ನು ಮುಂದೂಡಿದ್ದ ಮನೆಗಳು ನಮ್ಮಲ್ಲೇ ಹಲವು ಇದ್ದವು.

ಇನ್ನೊಂದು ಮಾತು, ಕೂಲಿಯದು. ಮೇಕೆ ಕಾಯುವವರಿಗೆ ದಿನದ 24 ಗಂಟೆಯ ಲೆಕ್ಕದಲ್ಲಿ ಕೂಲಿ ಕೊಡಬೇಕಾದರೆ ತಿಂಗಳಿಗೆ 14,000 ಡಾಲರ್ ಆಗುತ್ತದೆ, ಮಂದೆಯನ್ನೇ ಮಾರಬೇಕಾಗುತ್ತದೆ ಎಂದು 2023ರಲ್ಲಿ ಮಾಲೀಕರು ಗೋಳಾಡಿದ್ದರು. ಶಾಸನಸಭೆ ಆ ನಿಯಮವನ್ನು ಮುಂದೂಡಿತು. ಮಾಲೀಕರ ಕಷ್ಟ ಸುಳ್ಳಲ್ಲ. ಆದರೆ ನಮ್ಮಲ್ಲಿ ಮೇಕೆ ಕಾಯುವ ಆ ಮನುಷ್ಯ ರಾತ್ರಿ ನಾಯಿ ಬೊಗಳಿದಾಗಲೆಲ್ಲ ಟಾರ್ಚು ಹಿಡಿದು ಎದ್ದು ಹೋಗುವುದನ್ನು ನಾವೆಲ್ಲ ನೋಡಿದ್ದೇವೆ. ಎಕರೆಗೆ ಇನ್ನಷ್ಟು ಕೊಡಬೇಕಾಗಿ ಬಂದರೆ ಕೊಡೋಣ ಎನ್ನುವುದು ನನ್ನ ನಿಲುವು. ಸಮಿತಿಯಲ್ಲಿ ಎಲ್ಲರೂ ಇದನ್ನು ಒಪ್ಪುವುದಿಲ್ಲ.

ಊರಿನಿಂದ ಫೋನ್ ಮಾಡುವವರು ಬಂಡೀಪುರಕ್ಕೂ ಹೀಗೇ ಮೇಕೆ ಬಿಡಬಹುದಲ್ಲ ಎಂದು ಕೇಳುತ್ತಾರೆ. 2019ರ ಫೆಬ್ರವರಿಯಲ್ಲಿ ಅಲ್ಲಿ ಸಾವಿರಾರು ಎಕರೆ ಸುಟ್ಟಿದ್ದನ್ನು ಯಾರೂ ಮರೆತಿಲ್ಲ. ಆದರೆ ಅಲ್ಲಿನ ಕಾಡಿನಲ್ಲಿ ಒತ್ತಾಗಿ ಬೆಳೆದಿರುವುದು ಲಂಟಾನ, ಅದೂ ಜಾನುವಾರುಗಳಿಗೆ ವಿಷದ ಗಿಡ. ಮೇಲಾಗಿ ಹುಲಿ, ಆನೆ, ಜಿಂಕೆ ಇರುವ ಕಾಡಿಗೆ ಮಂದೆ ನುಗ್ಗಿಸಿದರೆ ಮೇವಿಗೆ ಪೈಪೋಟಿ, ರೋಗದ ಭಯ ಎರಡೂ ಇವೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಿಗೆ ಬಲಿಯುವ ಮುಂಚೆಯೇ ಹಾಕುತ್ತಿದ್ದ ತರಗು ಬೆಂಕಿ ಆ ನೆಲದ್ದೇ ದಾರಿ. ಬಂಡೀಪುರದ ಪ್ರಶ್ನೆ ಕೇಳುವವರು ಮೊದಲು ಅವರನ್ನು ಕೇಳಬೇಕು.

ಈಗ ನಮ್ಮ ಬಜೆಟ್ಟಿನಲ್ಲಿ ಗರಗಸದವರ ಸಾಲು ವಾಪಸ್ ಬಂದಿದೆ. ಆ ದುಡ್ಡಿಗಾಗಿ ನಡುವಿನ ಪಟ್ಟಿಯ ಮೇಯಿಸುವಿಕೆಯನ್ನು ವರ್ಷ ಬಿಟ್ಟು ವರ್ಷ ಮಾಡಿದ್ದೇವೆ. ಕಡಿದಾದ ಭಾಗಕ್ಕೆ ಅದರಿಂದ ವಿಶ್ರಾಂತಿಯೂ ಸಿಕ್ಕಿದೆ. ಕೆಳಗಿನ ಪಟ್ಟಿಯಲ್ಲಿ ಕಯೋಟಿ ಬ್ರಷ್ ತೆಳುವಾಗಿದೆ. ಫ್ರೆಂಚ್ ಬ್ರೂಮ್‌ನ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುವುದರಿಂದ ಅದು ಇನ್ನೂ ಮೇಲೆ ಬರುತ್ತಲೇ ಇದೆ. ಬೇಲಿಯ ಕಣಗಿಲೆ ಕಿತ್ತು ಬೇರೆ ಗಿಡ ನೆಡಲು ಏಳು ಮನೆಯವರು ಒಪ್ಪಿದ್ದಾರೆ. ಉಳಿದವರ ಜೊತೆ ಮಾತು ನಡೆದಿದೆ.